ಮಾತ್ರೆಗೆ ಮುಂಚೆ

ಗುರುವಾರ. ಕ್ಲಿನಿಕ್ಕಿನ ಜಗಲಿಯಲ್ಲಿ
ಮೂವತ್ತೆಂಟು ಹೆಂಗಸರು, ಹನ್ನೊಂದು ಕೂಸು,
ಒಂದು ಕೋಳಿ, ಅದು ಚೀಟಿ ಮಾಡಿಸಿಲ್ಲ.
ಕಂಪಾಲದಿಂದ ಬಂದ ಚಾರ್ಟು ಗೋಡೆಗೆ ನೇತುಹಾಕಿ
ನಾನು, ನರ್ಸ್ ನಕಾಯಿಜಾ, ಕೋಲು ಊರಿ ಓದುತ್ತೇನೆ:
ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ,
ರಕ್ತದೊತ್ತಡ ಹದದಲ್ಲಿರಲು ಅದು ಬೇಕು;
ನಾರಿದೆ, ಹೊಟ್ಟೆ ಕಟ್ಟದು;
ಬಿ ಆರು ಎಂಬ ವಿಟಮಿನ್ ಇದೆ...

ಹಿಂದಿನ ಸಾಲಿನಿಂದ ಮುದುಕಿ ನಲ್ವೋಗಾ ನಕ್ಕಳು.
"ಮಗಳೇ, ಮೀನಿಗೆ ಈಜು ಹೇಳಿಕೊಡ್ತೀಯಾ?
ಹಲ್ಲು ಬರೋ ಮೊದಲೇ ನನಗೆ ಬಾಳೆ ಬಂದಿತ್ತು,
ಹಲ್ಲು ಹೋದಮೇಲೂ ಅದೇ ಉಳಿದಿದೆ.
ನಡುವೆ ಬಂದುಹೋದದ್ದು ಬರೀ ಗಂಡ."

ಜಗಲಿಯೆಲ್ಲ ನಗು. ಕೋಳಿ ಎದ್ದು ಹೊರಟೇಹೋಯಿತು.
ನಾನು ಕೋಲು ಕೆಳಗಿಟ್ಟೆ.

ಸರಿ, ಚಾರ್ಟಿನಲ್ಲಿ ಇಲ್ಲದ್ದು ಹೇಳುತ್ತೇನೆ.
(ಅವನೇ ಹೇಳು ಅಂದಿದ್ದಾನೆ, ಇಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲ.)
ಲುತ್ವಾಮಾ ಗೊತ್ತಲ್ಲ? ಸೈಕಲ್ಲಿಗೆ
ನಾಲ್ಕು ಗೊನೆ ಮಟೋಕೆ ಬಿಗಿದು
ಕೋಳಿ ಕೂಗುವ ಮುನ್ನ ಮಸಾಕಾ ದಾರಿ ಹಿಡಿಯುತ್ತಿದ್ದವನು,
ದಿಣ್ಣೆ ಹತ್ತುವಾಗ ತಳ್ಳುತ್ತ,
ಇಳಿಯುವಾಗ ದೇವರ ಮೇಲೆ ಭಾರ ಹಾಕಿ.
ಕಾಯಿಯೆಲ್ಲ ಪೇಟೆಗೆ. ಅವನ ಬುತ್ತಿ
ಅಂಗಿಯೊಳಗೆ ಬೆಚ್ಚಗೆ ಕೂತ ಮೂರು ಎನ್‌ಡೀಜಿ:
ಹೆಬ್ಬೆರಳಿನಷ್ಟು ಹಣ್ಣು, ಕಾಗದದಂಥ ಸಿಪ್ಪೆ.
ದಿಣ್ಣೆಯ ಬುಡದಲ್ಲಿ ಒಂದು, ನೆತ್ತಿಯಲ್ಲಿ ಒಂದು,
ಮೂರನೆಯದು ತಮ್ಮ ಕಲಾಂಜಿಗೆ,
ಹಿಂದಿನಿಂದ ಗೊನೆಗೆ ಹೆಗಲು ಕೊಡುತ್ತಿದ್ದ ಹುಡುಗನಿಗೆ.
ಹದಿನಾಲ್ಕು ವರ್ಷ ಅವನ ಮೀನಖಂಡ ಒಮ್ಮೆಯೂ ಸೆಟೆಯಲಿಲ್ಲ.
ಹಣ್ಣೇ ಕಾರಣವೋ, ಕಾಲೇ ಅಂಥದ್ದೋ,
ನಾನು ಆಣೆ ಹಾಕಲಾರೆ.

ಆಮೇಲೆ ಲಾರಿ. ಆ ತಿರುವು ನಿಮಗೂ ಗೊತ್ತು.
ಕಲಾಂಜಿಯನ್ನು ಮಣ್ಣುಮಾಡಿ ಬಂದವನು
ನಿದ್ದೆ ಮಾಡಲಿಲ್ಲ, ಮಾತಾಡಲಿಲ್ಲ.
ಸೈಕಲ್ಲಿನ ಚೈನಿಗೆ ತುಕ್ಕು, ನಾಲಿಗೆಗೂ.
ತಾಯಿ ಕೈಹಿಡಿದು ಇಲ್ಲಿಗೆ ತಂದಳು.
ಡಾಕ್ಟರು ಮಾತ್ರೆ ಬರೆದರು,
ಬರಿಹೊಟ್ಟೆಯಲ್ಲಿ ಮಾತ್ರ ಬೇಡ ಎಂದರು.
ಗಂಜಿ ತಂದರೆ ಗೋಡೆಗೆ ಮುಖ.
ನನ್ನ ಚೀಲದಲ್ಲಿ ಮಧ್ಯಾಹ್ನಕ್ಕೆಂದು ಎರಡು ಎನ್‌ಡೀಜಿ ಇತ್ತು,
ಒಂದನ್ನು ಅವನ ಅಂಗೈಯಲ್ಲಿಟ್ಟೆ.

ಅಷ್ಟೇ. ಬಹಳ ಹೊತ್ತು ಹಾಗೇ ಹಿಡಿದಿದ್ದ,
ತಕ್ಕಡಿ ನಂಬದ ವ್ಯಾಪಾರಿಯ ಹಾಗೆ.
ಆಮೇಲೆ ಹೆಬ್ಬೆರಳು ತಾನಾಗಿಯೇ ತೊಟ್ಟಿಗೆ ಹೋಯಿತು.
ಸಿಪ್ಪೆಯದೊಂದು ಎಳೆ, ಇನ್ನೊಂದು.
ಕತ್ತಿ ಬೇಡ, ಒಲೆ ಬೇಡ, ತೊಳೆಯುವುದು ಬೇಡ,
ಅಗಿಯುವ ಛಲವೂ ಬೇಡ.
ಬದುಕು ಬೇಡವೆಂದವನಿಗೂ ತಿನ್ನಲು ಬರುವ ಹಣ್ಣು
ಇದೊಂದೇ ಇದ್ದೀತು.
ಅರ್ಧ ತಿಂದ. ಉಳಿದರ್ಧವನ್ನು
ಹಿಂದಕ್ಕೆ, ಹೆಗಲ ಮೇಲಿಂದ ಚಾಚಿದ.
ಇಸಿದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಆಗ ಅತ್ತ.
ಮೂರು ವಾರದಲ್ಲಿ ಮೊದಲ ಸಲ,
ಬಾಯಲ್ಲಿ ಹಣ್ಣು ಇಟ್ಟುಕೊಂಡೇ.
ನಾನು ಮಾತ್ರೆಯ ಲೋಟ ಹಿಡಿದು ನಿಂತೇ ಇದ್ದೆ.

ಮನಸ್ಸಿಗೆ ಹಿತ ತರುವ ರಸವಿದೆ ಇದರಲ್ಲಿ
ಎನ್ನುತ್ತದೆ ಚಾರ್ಟಿನ ಕೊನೆಯ ಸಾಲು.
ಇದ್ದರೆ ಇರಲಿ. ನಾಲಿಗೆಯಿಂದ ನೆತ್ತಿಗೆ
ಅದು ಹತ್ತುವ ದಾರಿ ಅಷ್ಟು ನೇರವಿಲ್ಲವಂತೆ,
ಅಲ್ಲೂ ದಿಣ್ಣೆಗಳಿವೆಯಂತೆ, ಡಾಕ್ಟರೇ ಹೇಳಿದರು.
ಹಣ್ಣು ತಿಂದೆನೆಂದು ಮಾತ್ರೆ ಬಿಡಬೇಡಿ, ಯಾರೂ.
ಸಕ್ಕರೆ ಕಾಯಿಲೆಯವರು, ಮೂತ್ರಪಿಂಡ ಸೋತವರು
ಎಷ್ಟೆಂದು ನನ್ನನ್ನು ಕೇಳಿ ತಿನ್ನಿ.

"ಮತ್ತೆ ಅವನು?" ನಲ್ವೋಗಾ ಈಗ ನಗುತ್ತಿರಲಿಲ್ಲ.

ಅವನು ಬರುತ್ತಾನೆ, ಗುರುವಾರಗಳಲ್ಲಿ,
ಸೈಕಲ್ಲು ತಳ್ಳಿಕೊಂಡು, ಖಾಲಿ.
ದಿಣ್ಣೆಯ ಕಡೆ ಇನ್ನೂ ಹೋಗಿಲ್ಲ.
ಅಂಗಿಯೊಳಗೆ ಮೂರು ಇರುತ್ತದೆ.
ಮೂರನೆಯದು, ಆ ಹೊತ್ತಿಗೆ
ಬಾಗಿಲ ಬಳಿ ಯಾರು ಕೂತಿರುತ್ತಾರೋ ಅವರಿಗೆ.

ಮುದುಕಿ ಏನೂ ಹೇಳಲಿಲ್ಲ.
ಕೋಲೂರಿ ಎದ್ದಳು, ಕೂಸುಗಳನ್ನು ದಾಟಿದಳು,
ಹೋಗಿ ಬಾಗಿಲ ಬಳಿ ಕೂತಳು.
ಕೋಳಿ ಅಲ್ಲಿ ಆಗಲೇ ಕಾಯುತ್ತಿತ್ತು,
ಸಿಪ್ಪೆಗೆ.